ಸೀನು ಅಲಿಯಾಸ್ ಶ್ರೀನಿವಾಸ

ಮೊದಲ ಸೀನು ಕೇಳಿಸಿದ್ದು ರಾತ್ರಿ ಹನ್ನೊಂದರ ಹೊತ್ತಿಗೆ. ಒಳಗಿನ ಕೋಣೆಯಿಂದ ಅಮ್ಮ ನಿದ್ದೆಗಣ್ಣಲ್ಲೇ "ಚಿರಂಜೀವಿ" ಅಂದಳು. ಸೀನಿದ್ದು ನಾನು ಅಂದುಕೊಂಡಿದ್ದಳು. ಆದರೆ ಸೀನಿದ್ದು ಸೋಫಾದ ಕೆಳಗೆ, ನನ್ನ ಹಳೇ ಟೀ ಶರ್ಟಿನ ಮೇಲೆ ಮುದುರಿ ಕೂತಿದ್ದ ಬೆಕ್ಕಿನ ಮರಿ. ಅದು ಮನೆಗೆ ಬಂದು ಆರು ಗಂಟೆಯೂ ಆಗಿರಲಿಲ್ಲ.

ನಮ್ಮ ಕಡೆ ಒಂಟಿ ಸೀನು ಒಳ್ಳೆಯದಲ್ಲ. ಹೊರಡುವಾಗ ಯಾರಾದರೂ ಒಂದೇ ಸಲ ಸೀನಿದರೆ, ಒಂದು ನಿಮಿಷ ಕೂತು ನೀರು ಕುಡಿದು ಹೋಗು ಅನ್ನುತ್ತಾರೆ. ಎರಡಾದರೆ ಪರವಾಗಿಲ್ಲ. ಇದರಲ್ಲೆಲ್ಲ ನನಗೆ ನಂಬಿಕೆ ಇಲ್ಲ ಅಂತ ಹೇಳಿಕೊಂಡು ತಿರುಗುತ್ತೇನೆ. ಆದರೂ ಆ ಹೊತ್ತಿನಲ್ಲಿ ಎರಡನೇ ಸೀನಿಗೆ ಕಾದೆ. ಬಂತು. ಮೂರನೆಯದೂ ಬಂತು. ಹನ್ನೊಂದರವರೆಗೆ ಎಣಿಸಿ ಬಿಟ್ಟುಬಿಟ್ಟೆ.

ಅಮ್ಮ ಎದ್ದು ಬಂದು ಲೈಟು ಹಾಕಿದಳು. "ಏನೇ ಇದು, ಅಂಗೈಯಷ್ಟಿಲ್ಲ, ಇಷ್ಟೊಂದು ಸೀನತ್ತೆ?" ಅಂದಳು. ಬೆಳಗಾಗುವಷ್ಟರಲ್ಲಿ ಹೆಸರೂ ಆಗಿಹೋಗಿತ್ತು. ಸೀನು. ಪೂರ್ತಿ ಹೆಸರು ಶ್ರೀನಿವಾಸ. "ನಿಮ್ಮಪ್ಪನ ಚಿಕ್ಕಪ್ಪನೂ ಸೀನುವೇ. ನಶ್ಯ ಏರಿಸಿ ಏರಿಸಿ ಅವರಿಗೂ ಸದಾ ಮೂಗು ಸೋರೋದು" ಅಂತ ಅಮ್ಮ ಹೆಸರಿಗೊಂದು ವಂಶವನ್ನೂ ಜೋಡಿಸಿದಳು.

ಮರಿ ಬಂದದ್ದು ನನ್ನ ಆತುರದಿಂದ. ಆಫೀಸಿನಲ್ಲಿ ನನಗಿಂತ ಹಿರಿಯರೊಬ್ಬರಿದ್ದಾರೆ, ಶ್ರೀರಂಗಪಟ್ಟಣದ ಹತ್ತಿರದ ಊರು. ಅವರ ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ ಬೀದಿ ಬೆಕ್ಕೊಂದು ನಾಲ್ಕು ಮರಿ ಹಾಕಿತ್ತು. ಮರಿಗಳಿಗೆ ಆಗ ಸುಮಾರು ಆರು ವಾರ. ಕನಿಷ್ಠ ಎಂಟು ವಾರವಾದರೂ ತಾಯಿಯ ಹತ್ತಿರ ಇರಬೇಕು ಅಂತ ಓದಿದ್ದೆ. ಆದರೆ ನನಗೆ ಸಾಲಾಗಿ ಮೂರು ದಿನ ರಜೆ ಸಿಕ್ಕಿತ್ತು. ಎರಡು ವಾರ ಬಿಟ್ಟರೆ ಮತ್ತೆ ರಜೆ ಸಿಗುತ್ತಾ? ಅದೇ ನನ್ನ ಲೆಕ್ಕ. ಮರಿಯ ಲೆಕ್ಕವನ್ನು ಯಾರೂ ಕೇಳಲಿಲ್ಲ. ಜಿಟಿಜಿಟಿ ಮಳೆಯಲ್ಲಿ, ಮಾವಿನ ಹಣ್ಣಿನ ರಟ್ಟಿನ ಡಬ್ಬಿಯಲ್ಲಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಮೈಸೂರಿಗೆ ತಂದೆ. ದಾರಿಯುದ್ದಕ್ಕೂ ಅದು ಕೂಗಿಕೊಂಡೇ ಬಂತು.

ಮೊದಲ ಎರಡು ದಿನ ಸೀನಿಗೆ ಕಾರಣ ಹುಡುಕಿದೆವು. ನಮ್ಮದು ಹಳೇ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ. ಮಳೆಗಾಲದಲ್ಲಿ ಕಾಲಿಟ್ಟರೆ ಜುಮ್ಮೆನ್ನುತ್ತದೆ. ನೆಲದ ಥಂಡಿಗೆ ಶೀತ ಆಗಿದೆ ಅಂದಳು ಅಮ್ಮ. ನಿನ್ನ ಊದುಬತ್ತಿ, ಸಾಂಬ್ರಾಣಿ ಹೊಗೆಗೆ ಆಗಿದ್ದು ಅಂದೆ ನಾನು. ಇಬ್ಬರದ್ದೂ ತಪ್ಪು ಅಂತ ಆಮೇಲೆ ಗೊತ್ತಾಯಿತು. ಹೊಗೆ ಇದ್ದ ತೊಂದರೆಯನ್ನು ಜಾಸ್ತಿ ಮಾಡುತ್ತದೆ, ಅಷ್ಟೇ. ವೈರಸ್ಸು ಒಳಗೆ ಹೋಗಿ ಎರಡರಿಂದ ಆರು ದಿನದ ಮೇಲೆ ಸೀನು ಶುರುವಾಗುವುದು. ಮೊದಲ ರಾತ್ರಿಯೇ ಸೀನಿದೆ ಅಂದರೆ ಆ ಕಾಯಿಲೆ ಮಾವಿನ ಡಬ್ಬಿಯಲ್ಲಿ ಅದರ ಜೊತೆಗೇ ಬಂದಿತ್ತು.

ಮೂರನೇ ದಿನ ಬೆಳಗ್ಗೆ ಎರಡೂ ಕಣ್ಣು ಗೀಜಿನಿಂದ ಅಂಟಿಕೊಂಡಿದ್ದವು. ಮೂಗಿನ ತುದಿಯಲ್ಲಿ ಹಳದಿ ಗೊಣ್ಣೆ ಒಣಗಿ ಚಕ್ಕೆಯಾಗಿತ್ತು. ಉಸಿರಾಡಿದರೆ ಗೊರಗೊರ. ಹಿಂದಿನ ದಿನ ನೆಕ್ಕಿ ಖಾಲಿ ಮಾಡಿದ್ದ ಊಟದ ಹತ್ತಿರ ಹೋಗಿ, ಮುಖ ತಗ್ಗಿಸಿ ನಿಂತು, ಏನೂ ತಿಳಿಯದವರ ಹಾಗೆ ವಾಪಸ್ ಬಂತು. ಆಮೇಲೆ ಡಾಕ್ಟರ್ ಹೇಳಿದ್ದು: ಬೆಕ್ಕು ಊಟವನ್ನು ಮೊದಲು ಮೂಗಿನಿಂದಲೇ ತಿನ್ನುವುದು. ವಾಸನೆ ಬರಲಿಲ್ಲವೋ, ಅದರ ಮಟ್ಟಿಗೆ ತಟ್ಟೆಯಲ್ಲಿ ಊಟವೇ ಇಲ್ಲ.

ಆ ಬೆಳಗ್ಗೆ ನಮ್ಮಿಬ್ಬರಿಗೂ ಜಗಳವಾಯಿತು. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ಅಮ್ಮ ಮರಿಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಇನ್ನೊಂದು ಕೈಯಲ್ಲಿ ಶೀತದ ಮುಲಾಮಿನ ಡಬ್ಬಿ. ಬೆರಳ ತುದಿಗೆ ಮುಲಾಮು ಬಂದಾಗಿತ್ತು. ನಾನು ಕೂಗಿದ ಕೂಗಿಗೆ ಡಬ್ಬಿ ಕೆಳಗೆ ಬಿತ್ತು. "ನಿನ್ನನ್ನ ಇದನ್ನೇ ಹಚ್ಚಿ ಬೆಳೆಸಿದ್ದು ಕಣೇ" ಅಂದಳು. ಅವಳ ಮುಖ ನೋಡಿದರೆ ಪಾಪ ಅನ್ನಿಸಿತು. ಆದರೆ ಆ ಮುಲಾಮಿನಲ್ಲಿ ಇರುವುದು ಕರ್ಪೂರ, ನೀಲಗಿರಿ ಎಣ್ಣೆ, ಮೆಂಥಾಲ್. ನಮಗೆ ಮೂಗು ಬಿಡಿಸುವ ಇದೇ ಸಾಮಾನು ಬೆಕ್ಕಿಗೆ ವಿಷ. ಅದರ ಲಿವರಿಗೆ ಇಂಥದ್ದನ್ನು ಅರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಮೈಮೇಲೆ ಏನು ಹಚ್ಚಿದರೂ ಅದು ನೆಕ್ಕದೆ ಬಿಡುವುದಿಲ್ಲ.

ಅಮ್ಮನ ಮೇಲೆ ರೇಗಿದ ನಾನು ಏನು ದೊಡ್ಡ ಜಾಣೆ ಅಲ್ಲ. ಹಿಂದಿನ ಸಂಜೆ ನಾನೂ ಮೆಡಿಕಲ್ ಶಾಪಿಗೆ ಹೋಗಿ ಮಕ್ಕಳ ಜ್ವರದ ಡ್ರಾಪ್ಸ್ ತಂದಿದ್ದೆ. ಬೆಕ್ಕಿಗೆ ಅಂತ ಹೇಳಿದ್ದೆ ಕೂಡ. "ಹಸುಗೂಸಿಗೇ ಕೊಡ್ತಾರೆ ಮೇಡಂ, ಏನೂ ಆಗಲ್ಲ" ಅಂದರು. ಕೊಡುವುದೋ ಬೇಡವೋ ಅಂತ ಯೋಚಿಸುತ್ತಲೇ ನಿದ್ದೆ ಹೋಗಿದ್ದೆ. ಅದು ಪ್ಯಾರಾಸಿಟಮಾಲ್. ಬೆಕ್ಕಿನ ಮಟ್ಟಿಗೆ ಅದಕ್ಕಿಂತ ಕೆಟ್ಟ ಮನೆಮದ್ದು ಇಲ್ಲ. ರಕ್ತ ಆಮ್ಲಜನಕ ಹೊರುವ ಕೆಲಸ ನಿಲ್ಲಿಸುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ. ಬೆಳೆದ ಬೆಕ್ಕನ್ನೇ ಕೊಲ್ಲಲು ನಾವು ತಲೆನೋವಿಗೆ ನುಂಗುವ ಒಂದು ಮಾತ್ರೆ ಸಾಕು. ನನ್ನ ಸೋಮಾರಿತನ ಆ ರಾತ್ರಿ ಅದರ ಜೀವ ಉಳಿಸಿತು, ಬೇರೇನಲ್ಲ.

ಡಾಕ್ಟರ್ ಹತ್ತಿರ ಹೋಗುವಾಗ ಅಮ್ಮನೂ ಬಂದಳು. ಜಗಳವಾಡಿದ್ದೇ ಅದಕ್ಕೆ ಕಾರಣ ಇರಬೇಕು. ಕಾರ್ಡಿನಲ್ಲಿ ಹೆಸರು ಏನು ಬರೆಯಲಿ ಅಂತ ಹುಡುಗ ಕೇಳಿದಾಗ ಗಂಭೀರವಾಗಿ "ಶ್ರೀನಿವಾಸ" ಅಂದಳು. ಅವನು ನಗು ತಡೆದುಕೊಂಡು ಬರೆದುಕೊಂಡ. ತೂಕ 480 ಗ್ರಾಂ. ಮರಿಗಳು ತಿಂಗಳಿಗೆ ಸುಮಾರು ಅರ್ಧ ಕೇಜಿ ಬೆಳೆಯುತ್ತವೆ, ಆರು ವಾರಕ್ಕೆ 650 ಗ್ರಾಂ ಹತ್ತಿರ ಇರಬೇಕಿತ್ತು. ಜ್ವರ 103.6. ಬೆಕ್ಕಿಗೆ ಸಹಜವಾಗಿಯೇ ನಮಗಿಂತ ಮೈ ಬಿಸಿ, 102.5 ಡಿಗ್ರಿವರೆಗೆ ಜ್ವರ ಅಲ್ಲ. ಇದು ಜ್ವರವೇ.

ಬ್ಯಾಗಿನಿಂದ ಅಮ್ಮ ಒಂದು ಪುಟ್ಟ ಬಾಟಲಿ ತೆಗೆದಳು. ಅವಳ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಕಣ್ಣಿನ ಡ್ರಾಪ್ಸ್, ಫ್ರಿಜ್ಜಿನ ಬಾಗಿಲಲ್ಲಿ ಉಳಿದಿತ್ತು. "ಇದನ್ನ ಹಾಕಬಹುದಾ ಡಾಕ್ಟ್ರೇ?" ಡಾಕ್ಟರ್ ಲೇಬಲ್ ಓದಿ ತಲೆಯಾಡಿಸಿದರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಈ ವೈರಸ್ಸು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರವನ್ನು ಹುಣ್ಣು ಮಾಡುತ್ತದೆ. ಹುಣ್ಣಿನ ಮೇಲೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋಗಬಹುದು. ಆಮೇಲೆ ಅವರು ಕಿತ್ತಳೆ ಬಣ್ಣದ ಕಾಗದದ ಪಟ್ಟಿಯೊಂದನ್ನು ಒದ್ದೆ ಮಾಡಿ ಮರಿಯ ಕಣ್ಣಿಗೆ ಮುಟ್ಟಿಸಿದರು. ಕಣ್ಣು ಹಸಿರಾಯಿತು. ನೀಲಿ ಬೆಳಕು ಬಿಟ್ಟು ನೋಡಿದರು. ಹುಣ್ಣು ಇದ್ದರೆ ಅಲ್ಲಿ ಹಸಿರು ಕೂತು ಹೊಳೆಯುತ್ತದಂತೆ. ಪುಣ್ಯಕ್ಕೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಶ್ರೀನಿವಾಸ ಸೀನಿದ. ಹಸಿರು ಸಿಂಬಳ ನನ್ನ ಚೂಡಿದಾರದ ಮೇಲೆ. ಕಣ್ಣಿನಿಂದ ಮೂಗಿಗೆ ದಾರಿ ಮುಚ್ಚಿಲ್ಲ, ಒಳ್ಳೆಯದೇ ಆಯಿತು ಅಂದರು ಡಾಕ್ಟರ್. ಆ ಕಲೆ ಇನ್ನೂ ಪೂರ್ತಿ ಹೋಗಿಲ್ಲ.

ಕಾಯಿಲೆಯ ಹೆಸರು ಕ್ಯಾಟ್ ಫ್ಲೂ. ಹೆಸರಿನಲ್ಲಿ ಫ್ಲೂ ಇದ್ದರೂ ನಮ್ಮ ಫ್ಲೂಗೂ ಇದಕ್ಕೂ ಸಂಬಂಧವಿಲ್ಲ. ಹತ್ತು ಕೇಸಿನಲ್ಲಿ ಎಂಟೊಂಬತ್ತಕ್ಕೆ ಎರಡೇ ವೈರಸ್ಸು ಕಾರಣ. ಒಂದು ಕ್ಯಾಲಿಸಿ, 1957ರಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲು ಕಂಡಿದ್ದು. ಇನ್ನೊಂದು ಬೆಕ್ಕಿನ ಹರ್ಪಿಸ್, ಅದರ ಮರುವರ್ಷ ಅಮೆರಿಕದಲ್ಲಿ. ಬಾಯಲ್ಲಿ, ನಾಲಗೆಯ ಮೇಲೆ ಹುಣ್ಣಾದರೆ ಕ್ಯಾಲಿಸಿ ಇರಬಹುದು. ಸೀನು ಮತ್ತು ಕಣ್ಣು ಜಾಸ್ತಿಯಾದರೆ ಹರ್ಪಿಸ್. ನಮ್ಮದು ಎರಡನೆಯದರ ಹಾಗೆ ಕಾಣುತ್ತದೆ ಅಂದರು. ಹರ್ಪಿಸ್ ಅನ್ನುವ ಪದ ಕೇಳಿ ಅಮ್ಮ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಳು. ಮನುಷ್ಯರಿಗೆ ಬರಲ್ಲಮ್ಮ, ಇದು ಬೆಕ್ಕಿನ ಜಾತಿಯದ್ದೇ ಬೇರೆ ಅಂತ ಹೇಳಿದ ಮೇಲೆ ಮುಂದಕ್ಕೆ ಬಂದಳು.

"ವಾಸಿ ಆಗತ್ತಾ?" ಅಂತ ನಾನು ಕೇಳಿದೆ. ಸೀನು ವಾಸಿಯಾಗುತ್ತದೆ, ವೈರಸ್ಸು ಹೋಗುವುದಿಲ್ಲ ಅಂದರು. ಒಮ್ಮೆ ತಗುಲಿದ ಬೆಕ್ಕುಗಳಲ್ಲಿ 100ಕ್ಕೆ ಸುಮಾರು 80ರಲ್ಲಿ ಅದು ಮುಖದ ನರಗಳ ಬುಡದಲ್ಲಿ ಸುಮ್ಮನೆ ಕೂತಿರುತ್ತದೆ. ಬೆಕ್ಕಿಗೆ ದಿಗಿಲಾದಾಗ, ಮನೆ ಬದಲಾದಾಗ, ಬೇರೆ ಕಾಯಿಲೆ ಬಂದಾಗ ಮತ್ತೆ ಏಳುತ್ತದೆ. ನಾನು ಅರ್ಥ ಮಾಡಿಕೊಳ್ಳಲು ಹೆಣಗುತ್ತಿದ್ದೆ. ಅಮ್ಮ ಥಟ್ಟನೆ, "ಸರ್ಪಸುತ್ತಿನ ಥರ ಅಲ್ವಾ?" ಅಂದಳು. ಡಾಕ್ಟರ್ ಪೆನ್ನು ಕೆಳಗಿಟ್ಟು ಅವಳನ್ನು ನೋಡಿದರು. ಸರಿಯಾಗಿ ಹೇಳಿದಿರಿ, ಎರಡೂ ಒಂದೇ ವಂಶದ ವೈರಸ್ಸುಗಳೇ ಅಂದರು.

ಅಮ್ಮನಿಗೆ ಮೂರು ವರ್ಷದ ಕೆಳಗೆ ಸರ್ಪಸುತ್ತು ಆಗಿತ್ತು. ಸೊಂಟದ ಒಂದು ಪಕ್ಕಕ್ಕೆ ಬೆಂಕಿ ಸುತ್ತಿದ ಹಾಗೆ ಉರಿ. ಸೀರೆಯ ಸೆರಗು ತಾಕಿದರೂ ಕಣ್ಣಲ್ಲಿ ನೀರು. ಪಕ್ಕದ ಮನೆಯವರು ಕೆಮ್ಮಣ್ಣು ಹಚ್ಚಿಸಿಕೊಂಡು ಬನ್ನಿ ಅಂತ ಕಳಿಸಿದ್ದರು. ಹಚ್ಚಿಸಿಕೊಂಡಳು, ಮಾತ್ರೆಯನ್ನೂ ನುಂಗಿದಳು. ಚಿಕ್ಕವಳಿದ್ದಾಗ ಆಗಿದ್ದ ಸೀತಾಳೆಯ ವೈರಸ್ಸು ಅಷ್ಟು ವರ್ಷ ಬೆನ್ನುಹುರಿಯ ಪಕ್ಕದ ನರದಲ್ಲಿ ಮಲಗಿದ್ದು ಎದ್ದು ಬಂದಿದೆ ಅಂತ ಆಗಿನ ಡಾಕ್ಟರ್ ಹೇಳಿದ್ದರು. ಅಪ್ಪ ಹೋದ ವರ್ಷ ಅದು. ವಾಪಸ್ ಬರುವಾಗ ಆಟೋದಲ್ಲಿ ಅಮ್ಮ ಮರಿಯ ಬುಟ್ಟಿಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ನಾನು ಕೇಳಿರಲಿಲ್ಲ.

ಔಷಧಿ ಅಂದರೆ ಬೆಳಗ್ಗೆ ಸಂಜೆ ಒಂದು ಸಿರಪ್, ಕಣ್ಣಿಗೊಂದು ಡ್ರಾಪ್ಸ್. ಸಿರಪ್ಪು ಆ್ಯಂಟಿಬಯಾಟಿಕ್. ಅದು ವೈರಸ್ಸನ್ನು ಕೊಲ್ಲುವುದಿಲ್ಲ. ಬೇಲಿ ಮುರಿದ ಹೊಲಕ್ಕೆ ದನ ನುಗ್ಗಿದ ಹಾಗೆ ಹಿಂದಿನಿಂದ ಬರುವ ಬ್ಯಾಕ್ಟೀರಿಯಾಗಳಿಗೆ ಮಾತ್ರ. ಮಿಕ್ಕ ಕೆಲಸವೆಲ್ಲ ಬೇಜಾರು ಹುಟ್ಟಿಸುವ ಸಣ್ಣಪುಟ್ಟ ಕೆಲಸ. ಸಲೈನ್ ಬಾಟಲಿ ತಂದು ಹತ್ತಿ ಒದ್ದೆ ಮಾಡಿ ಮೂಗಿನ ಚಕ್ಕೆ ನೆನೆಸಿ ತೆಗೆಯುವುದು. ಒಂದು ಕಣ್ಣಿಗೆ ಒಂದು ಹತ್ತಿ, ಇನ್ನೊಂದಕ್ಕೆ ಬೇರೆಯದು. ದಿನಕ್ಕೆ ಮೂರು ಸಲ ಬಚ್ಚಲುಮನೆಯ ಬಾಗಿಲು ಹಾಕಿ ಬಿಸಿನೀರು ಬಿಟ್ಟು, ಆ ಹಬೆಯಲ್ಲಿ ಹತ್ತು ನಿಮಿಷ ಅದನ್ನು ಎತ್ತಿಕೊಂಡು ಕೂರುವುದು. ನೀರಿಗೆ ತುಳಸಿಯೂ ಬೇಡ, ನೀಲಗಿರಿಯೂ ಬೇಡ, ಬರೀ ನೀರು. ನೆಲಕ್ಕೆ ಫಿನಾಯಿಲ್ ಬೇಡ, ಪಾದಕ್ಕೆ ಅಂಟಿದ್ದನ್ನು ನೆಕ್ಕುತ್ತದೆ. ಮಲಗಿದಾಗ ಉಸಿರು ಎಣಿಸಿ, ನಿಮಿಷಕ್ಕೆ 40 ದಾಟಿದರೆ, ಅಥವಾ ಬಾಯಿ ತೆರೆದು ಉಸಿರಾಡಿದರೆ ಹಗಲು ರಾತ್ರಿ ನೋಡದೆ ಬನ್ನಿ ಅಂದಿದ್ದರು. ಬೆಕ್ಕು ನಾಯಿಯ ಹಾಗೆ ಬಾಯಿ ಬಿಟ್ಟು ಏದುಸಿರು ಬಿಡುವ ಪ್ರಾಣಿಯಲ್ಲ. ಬಿಟ್ಟಿತು ಅಂದರೆ ಅಪಾಯ.

ಹಪ್ಪಳದ ಹಿಟ್ಟಿಗೆ ಅಂತ ಅಮ್ಮ ಇಟ್ಟುಕೊಂಡಿದ್ದ ತಕ್ಕಡಿ ಮರಿಯದ್ದಾಯಿತು. ಬೆಳಗ್ಗೆ ಎದ್ದು ಅದನ್ನು ಪಾತ್ರೆಯಲ್ಲಿಟ್ಟು ತೂಗಿ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯುತ್ತಿದ್ದೆವು. 480. 472. 465. ಬೆಳೆಯಬೇಕಾದ ವಯಸ್ಸಿನಲ್ಲಿ ಇಳಿಯುತ್ತಿರುವ ಅಂಕಿ ನೋಡುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಊಟದ್ದೇ ದೊಡ್ಡ ಪಂಚಾಯ್ತಿ. ನಮ್ಮದು ಮೊಟ್ಟೆಯೂ ಒಳಗೆ ಬರದ ಮನೆ. ಬೆಕ್ಕು ಅಂದರೆ ಹಾಲು ಅನ್ನ, ಹೆಚ್ಚೆಂದರೆ ಮೊಸರನ್ನ. ಅಮ್ಮನ ತವರಿನಲ್ಲಿ ಬೆಕ್ಕುಗಳು ಹೀಗೇ ಬೆಳೆದಿದ್ದಂತೆ. (ಹಿತ್ತಿಲಿನಲ್ಲಿ ಅವು ಎಷ್ಟು ಇಲಿ ಹಿಡಿದು ತಿಂದವು ಅನ್ನುವ ಲೆಕ್ಕ ಯಾರೂ ಇಟ್ಟಿಲ್ಲ.) ಹಾಲು ಕೊಟ್ಟರೆ ಭೇದಿ ಆಗಬಹುದು, ಈ ಸ್ಥಿತಿಯಲ್ಲಿ ಬೇಡ ಅಂದಿದ್ದರು ಡಾಕ್ಟರ್. ಬೆಕ್ಕಿನ ಊಟದ ಮೀನಿನ ವಾಸನೆಯ ಪೌಚ್ ತನ್ನಿ, ಬೆಚ್ಚಗೆ ಮಾಡಿ ಕೊಡಿ, ಮೈಬಿಸಿಯಷ್ಟು. ಬೆಚ್ಚಗಾದರೆ ವಾಸನೆ ಏಳುತ್ತದೆ, ಕಟ್ಟಿದ ಮೂಗಿನೊಳಗೂ ನುಗ್ಗುತ್ತದೆ. ನಾನು ಪೌಚ್ ತಂದೆ. ಅಡುಗೆಮನೆಗೆ ತರಬೇಡ ಅಂದಳು ಅಮ್ಮ. ಸರಿ ಅಂತ ಬಚ್ಚಲಿನಲ್ಲಿ ಗೀಸರಿನ ನೀರಲ್ಲಿ ಪೌಚ್ ಮುಳುಗಿಸಿಟ್ಟು ಬೆಚ್ಚಗೆ ಮಾಡುತ್ತಿದ್ದೆ. ಅದು ಸರಿಯಾಗಿ ಬಿಸಿಯೇ ಆಗುತ್ತಿರಲಿಲ್ಲ. ಮರಿ ಮೂಸಿ ನೋಡಿ ತಿರುಗಿಕೊಳ್ಳುತ್ತಿತ್ತು. ಸಿರಿಂಜಿನಲ್ಲಿ ತುಟಿಯ ಪಕ್ಕದಿಂದ ಹನಿ ಹನಿಯಾಗಿ ಹಾಕಿ ಜೀವ ಹಿಡಿದಿಟ್ಟಿದ್ದೆ.

ಐದನೇ ದಿನ ಶ್ರೀರಂಗಪಟ್ಟಣದಿಂದ ಫೋನು ಬಂತು. ಉಳಿದ ಮೂರು ಮರಿಗಳೂ ಸೀನುತ್ತಿದ್ದವಂತೆ, ಒಂದು ಬೆಳಗ್ಗೆ ಹೋಗಿಬಿಟ್ಟಿತು ಅಂದರು. ಇನ್ನೆರಡನ್ನು ಇವತ್ತೇ ಡಾಕ್ಟರಿಗೆ ತೋರಿಸಿ ಅಂತ ಹೇಳಿದೆ, ಪುಣ್ಯಾತ್ಮರು ತೋರಿಸಿದರು. ತಾಯಿ ಬೆಕ್ಕು ಒಂದು ಸಲವೂ ಸೀನಿರಲಿಲ್ಲ. ಅದೇ ಇದರ ವಿಚಿತ್ರ. ಹೆತ್ತು ಹಾಲೂಡಿಸುವ ಆಯಾಸಕ್ಕೆ ತಾಯಿಯೊಳಗಿನ ವೈರಸ್ಸು ಏಳುತ್ತದೆ. ಮರಿಗೆ ಹುಟ್ಟಿನ ಹಾಲಿನಲ್ಲಿ ಬಂದ ರಕ್ಷಣೆ ಕರಗುವ ಹೊತ್ತಿಗೇ ತಾಯಿ ನೆಕ್ಕಿ ನೆಕ್ಕಿ ವೈರಸ್ಸನ್ನೂ ದಾಟಿಸುತ್ತದೆ. ಈ ವಿಷಯ ಹೇಳಿದಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ.

ಆ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಮನೆ ತುಂಬ ಮೀನಿನ ವಾಸನೆ. ಅಡುಗೆಮನೆಯಲ್ಲಿ ಲೈಟು ಉರಿಯುತ್ತಿತ್ತು. ಒಲೆಯ ಮೇಲೆ ನೀರಿನ ಪಾತ್ರೆ, ಅದರೊಳಗೆ ಸ್ಟೀಲ್ ಬಟ್ಟಲು, ಬಟ್ಟಲಿನಲ್ಲಿ ಪೌಚಿನದ್ದು. ಅಮ್ಮ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಚಮಚದಲ್ಲಿ ತಿರುವುತ್ತಿದ್ದಳು. ನನ್ನನ್ನು ನೋಡಿ, "ಆ ಬಟ್ಟಲು ಇನ್ಮೇಲೆ ಅದಕ್ಕೇ" ಅಂದಳು. ಮಣಿಕಟ್ಟಿನ ಒಳಗಡೆ ಒಂದು ತೊಟ್ಟು ಹಾಕಿ ಬಿಸಿ ನೋಡಿದಳು, ಹಸುಗೂಸಿನ ಹಾಲಿಗೆ ನೋಡುವ ಹಾಗೆ. ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ಮರಿಯ ಮೂಗಿನ ಕೆಳಗೆ ಸವರಿದಳು. ಅದು ನೆಕ್ಕಿತು. ಇನ್ನೊಂದು ಸಲ ನೆಕ್ಕಿತು. ಆಮೇಲೆ ಅವಳ ಬೆರಳನ್ನೇ ಕಚ್ಚಿತು. ಮೊಟ್ಟೆ ಕೂಡ ಮುಟ್ಟದ ನಮ್ಮಮ್ಮ ಬೆರಳು ಹಿಂದಕ್ಕೆ ತೆಗೆಯಲಿಲ್ಲ.

ಬೆಳಗ್ಗೆ ತೂಕ 470. ಮರುದಿನ 484. ಎಂಟನೇ ದಿನ ಒಂದು ಕಣ್ಣು ಪೂರ್ತಿ ತೆರೆಯಿತು, ಹತ್ತನೇ ದಿನ ಎರಡೂ. ಎರಡು ವಾರಕ್ಕೆ ಶ್ರೀನಿವಾಸ ಪರದೆ ಹತ್ತುತ್ತಿದ್ದ.

ಲಸಿಕೆ ಆಮೇಲೆ ಹಾಕಿಸಿದೆವು. ಕಾಯಿಲೆ ಇದ್ದಾಗ ಹಾಕುವುದಿಲ್ಲ. ಮೂರು ಕಾಯಿಲೆಗೆ ಒಂದೇ ಸೂಜಿ: ಹರ್ಪಿಸ್, ಕ್ಯಾಲಿಸಿ, ಜೊತೆಗೆ ಮರಿಗಳನ್ನು ವಾಂತಿ ಭೇದಿಯಲ್ಲಿ ಮುಗಿಸಿಬಿಡುವ ಪ್ಯಾನ್‌ಲ್ಯುಕೋಪೀನಿಯಾ. ಮೂರ್ನಾಲ್ಕು ವಾರಕ್ಕೊಂದರಂತೆ, 16 ವಾರ ದಾಟುವವರೆಗೆ. ರೇಬೀಸ್ ಬೇರೆ. ಈ ಲಸಿಕೆ ಹಾಕಿಸಿದರೆ ಸೀನೇ ಬರುವುದಿಲ್ಲ ಅಂತಲ್ಲ. ಬಂದರೂ ಆ ಮಟ್ಟಕ್ಕೆ ಹೋಗುವುದಿಲ್ಲ. ಎರಡನೇ ಸೂಜಿಗೆ ಹೋದಾಗ ಡಾಕ್ಟರ್ ಬಾಲ ಎತ್ತಿ ನೋಡಿ, ಇದು ಶ್ರೀನಿವಾಸ ಅಲ್ಲ, ಹೆಣ್ಣು ಅಂದರು. ಗಂಡು ಅಂತ ಕಾರ್ಡಿನಲ್ಲಿ ಬರೆಸಿದ್ದು ನಾವೇ, ಅವರ ತಪ್ಪೇನಿಲ್ಲ. ಅಷ್ಟು ಚಿಕ್ಕ ಮರಿಯಲ್ಲಿ ಗುರುತಿಸುವುದು ಕಷ್ಟವಂತೆ. ಇಟ್ಟ ಹೆಸರು ಇರಲಿ ಬಿಡಿ ಅಂದಳು ಅಮ್ಮ. ಮನೆಯಲ್ಲಿ ಇವತ್ತಿಗೂ ಅವಳು "ಸೀನು ಬಂದ", "ಸೀನು ತಿಂದ" ಅಂತಲೇ.

ದೀಪಾವಳಿಯಲ್ಲಿ ನಮ್ಮ ಬೀದಿಯ ಹುಡುಗರು ಮೂರು ರಾತ್ರಿ ಪಟಾಕಿ ಹೊಡೆದರು. ಸೀನು ಮೂರು ರಾತ್ರಿ ಬೀರುವಿನ ಹಿಂದೆ. ಪಟಾಕಿ ಮುಗಿದು ವಾರವಾದ ಮೇಲೆ, ಎಲ್ಲ ಸರಿಹೋಯಿತು ಅಂದುಕೊಂಡಾಗ, ಮತ್ತೆ ಸೀನು ಶುರು. ಎಡಗಣ್ಣಲ್ಲಿ ನೀರು. ಹೀಗೆ ಒಂದು ವಾರ ಬಿಟ್ಟು ಬರುವುದೇ ಇದರ ರೀತಿ, ನರದಿಂದ ಹೊರಗೆ ಬರಲು ವೈರಸ್ಸಿಗೂ ಸಮಯ ಬೇಕಲ್ಲ. ಸ್ನೇಹಿತೆಯೊಬ್ಬಳು ಇದಕ್ಕೆ ಲೈಸಿನ್ ಅನ್ನುವ ಅಮೈನೋ ಆಮ್ಲದ ಪುಡಿ ಕೊಡು ಅಂದಳು. ವರ್ಷಗಟ್ಟಲೆ ಎಲ್ಲರೂ ಕೊಡುತ್ತಿದ್ದರು. 2015ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದವರು ಅದರಿಂದ ಪ್ರಯೋಜನವಿಲ್ಲ ಅಂತ ಬರೆದರು. ದುಡ್ಡು ಉಳಿಯಿತು. ಅಮ್ಮ ಕ್ಯಾಲೆಂಡರ್ ತೆಗೆದು, ಹಬ್ಬದಿಂದ ದಿನ ಎಣಿಸಿ, "ಏಳಕ್ಕೆ ಬಂದಿದೆ, ಊಟ ಬಿಟ್ಟಿಲ್ಲ, ಕಣ್ಣು ಕೆಂಪಗಿಲ್ಲ, ನಾಲ್ಕು ದಿನ ನೋಡೋಣ" ಅಂದಳು. ಸ್ಟೀಲ್ ಬಟ್ಟಲು ಒಲೆಯ ಮೇಲೆ ಬಂತು. ಐದು ದಿನಕ್ಕೆ ನಿಂತಿತು.

ಮೊನ್ನೆ ಶ್ರೀರಂಗಪಟ್ಟಣದವರು ಮತ್ತೆ ಫೋನ್ ಮಾಡಿದ್ದರು. ಆ ತಾಯಿ ಬೆಕ್ಕು ಸೌದೆ ಕೊಟ್ಟಿಗೆಯಲ್ಲಿ ಮತ್ತೆ ಮೂರು ಮರಿ ಹಾಕಿದೆ. ಸೀನುಗೆ ಜೊತೆಗೆ ಒಂದು ಬೇಕಾ ಅಂದರು. ನಾನು ಫೋನ್ ಹಿಡಿದುಕೊಂಡೇ ಅಮ್ಮನ ಕಡೆ ನೋಡಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಎಂಟು ವಾರ ಆಗೋವರೆಗೂ ಅಲ್ಲೇ ಇರಲಿ ಅನ್ನು. ಬಂದ ಮೇಲೆ ಎರಡು ವಾರ ಹಿಂದಿನ ರೂಮಲ್ಲಿ ಬೇರೆ ಇಡಬೇಕು, ಬಟ್ಟಲೂ ಬೇರೆ. ಮತ್ತೆ," ಒಂದು ಕಾಯಿ ಸುಲಿದು ಕಾಳು ಮೊರಕ್ಕೆ ಹಾಕಿದಳು, "ಮೊದಲು ಆ ತಾಯಿಗೆ ಆಪರೇಷನ್ ಮಾಡಿಸ್ತೀರಾ ಅಂತ ಕೇಳು. ಅರ್ಧ ದುಡ್ಡು ನಾವು ಕೊಡೋಣ."